ಅಡುಗೆಯ ಬರವಣಿಗೆ ಮತ್ತು ಭಾಷಾಬೋಧನೆ

ಪ್ರೌಢಶಾಲೆಯಲ್ಲಿ ಕನ್ನಡದ ಲೇಖನಾಭ್ಯಾಸವೆಂದರೆ ಪ್ರಬಂಧ, ಪತ್ರ, ಗಾದೆಯ ವಿಸ್ತರಣೆ, ಸಾರಾಂಶಲೇಖನ ಇವಿಷ್ಟೇ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪರೀಕ್ಷೆಯಲ್ಲಿ ಕೇಳುವುದು ಇವನ್ನೇ ಆದುದರಿಂದ ಅಧ್ಯಾಪಕರನ್ನು ದೂರುವಂತೆಯೂ ಇಲ್ಲ. ಆದರೆ ಶಾಲೆಯ ಹೊಸ್ತಿಲನ್ನು ದಾಟಿದ ಮೇಲೆ ವಸಂತ ಋತುವನ್ನು ವರ್ಣಿಸಿ ಬರೆಯುವ ಪ್ರಸಂಗ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಒದಗೀತು? ಬೆಳೆಗೆ ಔಷಧವನ್ನು ಎಷ್ಟು ನೀರಿಗೆ ಎಷ್ಟು ಬೆರೆಸಿ ಸಿಂಪಡಿಸಬೇಕೆಂಬುದನ್ನು ತಮ್ಮನಿಗೆ ಬರೆದಿಡುವ, ವೃದ್ಧಳಾದ ತಾಯಿಗೆ ಗುಳಿಗೆ ತೆಗೆದುಕೊಳ್ಳುವ ಕ್ರಮವನ್ನು ಗುರುತು ಮಾಡಿಕೊಡುವ, ಪರಸ್ಥಳದಿಂದ ಬರುವವರಿಗೆ ಮನೆಯ ದಾರಿಯನ್ನು ತಿಳಿಸುವ ಪ್ರಸಂಗಗಳಾದರೋ ಎಲ್ಲರಿಗೂ ಬರುತ್ತವೆ. ಒಬ್ಬನು ಬರೆದುದನ್ನು ಓದಿ ಇನ್ನೊಬ್ಬನು ತನ್ನ ಕೈಯಿಂದ ಮಾಡಬೇಕಾದ ಈ ಬಗೆಯ ಬರಹವನ್ನು ನಾವು ವಿಧಾನಲೇಖನವೆಂದು ಕರೆಯೋಣ. ಇದನ್ನು ಕಲಿಸುವುದಕ್ಕೆ ಅಡುಗೆಯಷ್ಟು ಸುಲಭವೂ ಸಮೃದ್ಧವೂ ಆದ ವಸ್ತು ಬೇರೊಂದಿಲ್ಲ. ಅದರಲ್ಲಿಯೂ ಚುರುಕಾದವರು, ಮಂದಗತಿಯವರು, ಅಕ್ಷರ ಕೂಡಿಸಲು ತಿಣುಕುವವರು ಒಂದೇ ಹಲಗೆಯ ಮೇಲೆ ಕುಳಿತಿರುವ ನಮ್ಮ ತರಗತಿಗಳಲ್ಲಿ ಇದರ ಉಪಯೋಗ ವಿಶೇಷವಾದುದು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಅಡುಗೆಯ ಮಾತನ್ನು ವ್ಯಾಕರಣದ ಗೋಷ್ಠಿಗೆ ತರುವುದು ಹೊಸದೇನೂ ಅಲ್ಲ. ಸಂಸ್ಕೃತ ವೈಯಾಕರಣರಿಗೆ ಉದಾಹರಣೆಯೊಂದು ಬೇಕಾದಾಗಲೆಲ್ಲ ದೇವದತ್ತನು ಅನ್ನವನ್ನು ಬೇಯಿಸುತ್ತಲೇ ಇರುತ್ತಾನೆ. ಪತಂಜಲಿಯು ಮಹಾಭಾಷ್ಯದಲ್ಲಿ ಪಾಕವೆಂಬ ಕ್ರಿಯೆಯನ್ನು ಬಿಡಿಸಿ ತೋರಿಸಿದ್ದಾನೆ: ಪಾತ್ರೆಯನ್ನು ಒಲೆಯ ಮೇಲೇರಿಸುವುದು, ನೀರೆರೆಯುವುದು, ಅಕ್ಕಿ ಹಾಕುವುದು, ಸೌದೆಯನ್ನು ಸರಿಪಡಿಸುವುದು, ಇವೆಲ್ಲ ಸೇರಿ ‘ಬೇಯಿಸುವುದು’ ಎಂಬ ಒಂದು ಹೆಸರನ್ನು ಪಡೆಯುತ್ತವೆ. ನೋಡುವವನಿಗೆ ಒಂದೇ ಆಗಿ ಕಾಣುವ ಕ್ರಿಯೆಯೊಳಗೆ ಅನೇಕ ಅವಯವಕ್ರಿಯೆಗಳು ಅಡಗಿರುತ್ತವೆಂಬ ಈ ತಿಳಿವಳಿಕೆಯೇ ವಿಧಾನಲೇಖನದ ಬುನಾದಿ. ಬಲ್ಲವನಿಗೆ ‘ಅನ್ನ ಮಾಡು’ ಎಂದರೆ ಸಾಕು; ಅರಿಯದವನಿಗೆ ಅದನ್ನು ಬಿಚ್ಚಿ ಹೇಳಬೇಕು. ಎಲ್ಲಿಯವರೆಗೆ ಬಿಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಓದುವವನು ಯಾರೆಂಬುದರ ಮೇಲೆ ನಿಂತಿದೆ.

ಮಿಶ್ರ ತರಗತಿಯ ತೊಡಕು ಅಧ್ಯಾಪಕರೆಲ್ಲರಿಗೂ ಗೊತ್ತಿರುವುದೇ. ಪ್ರಬಂಧವನ್ನು ಬರೆಯಹೇಳಿದರೆ ಮೊದಲ ಸಾಲಿನ ನಾಲ್ವರು ಎರಡು ಪುಟ ತುಂಬಿಸುತ್ತಾರೆ. ಕೊನೆಯ ಸಾಲಿನವರು ಶೀರ್ಷಿಕೆಯನ್ನು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಕಿಟಕಿಯ ಕಡೆ ನೋಡುತ್ತ ಕೂಡುತ್ತಾರೆ. ಅವರಿಗೆ ಭಾಷೆ ಇಲ್ಲವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ವಾಸ್ತವವಾಗಿ ಅವರಲ್ಲಿ ಇಲ್ಲದಿರುವುದು ಆ ವಿಷಯದ ಮೇಲೆ ಹೇಳಬೇಕಾದ ಮಾತು. ಒಂಬತ್ತನೆಯ ತರಗತಿಯಲ್ಲಿ ನಾವೊಮ್ಮೆ ಜೋಳದ ರೊಟ್ಟಿಯನ್ನು ಮಾಡುವ ವಿಧಾನವನ್ನು ಬರೆಯಲು ಹೇಳಿದೆವು. ಸದಾ ಮೊದಲಿಗನಾಗಿ ತೇರ್ಗಡೆಯಾಗುವ ಬಾಲಕನೊಬ್ಬನು ಮುತ್ತಿನಂಥ ಅಕ್ಷರಗಳಲ್ಲಿ, ಹಿಟ್ಟಿಗೆ ನೀರು ಹಾಕಿ ಕಲಸಿ ರೊಟ್ಟಿ ಬಡಿದು ಬೇಯಿಸಬೇಕೆಂದು ಒಂದೂವರೆ ಸಾಲಿನಲ್ಲಿ ಮುಗಿಸಿದ್ದನು. ಅದನ್ನು ಗಟ್ಟಿಯಾಗಿ ಓದಿದಾಗ, ಓದು ಬರಹಗಳಲ್ಲಿ ಬಹಳ ಹಿಂದುಳಿದಿದ್ದ ಬಾಲಕಿಯೊಬ್ಬಳು ತಾನಾಗಿಯೇ ಎದ್ದುನಿಂತಳು. ಆಕೆಯ ತಾಯಿ ಹೊತ್ತು ಹುಟ್ಟುವ ಮೊದಲೇ ಹೊಲದ ಕೆಲಸಕ್ಕೆ ಹೋಗುವವಳಾದುದರಿಂದ ಮನೆಯ ರೊಟ್ಟಿಯ ಭಾರ ಆ ಮಗುವಿನದೇ.

“ತಣ್ಣೀರು ಹಾಕಿದ್ರ ರೊಟ್ಟಿ ಬಡಿಯಾಕ ಬರೂದಿಲ್ರಿ ಸರ, ಹರೀತೈತಿ. ಎಸರು ಕುದಿಬೇಕ್ರಿ ಮೊದಲ” ಎಂದಳು.

ಆಮೇಲೆ ಆಕೆ ಹೇಳುತ್ತ ಹೋದಂತೆ ತರಗತಿಯು ಮೌನವಾಗಿ ಕೇಳಿತು. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರನ್ನು ಹೊಯ್ಯುವುದು, ಕೈ ಸುಡದಂತೆ ಮೊದಲು ಹುಟ್ಟಿನಿಂದ ತಿರುವುವುದು, ಬಿಸಿ ಆರುವ ಮುನ್ನವೇ ಅಂಗೈಯ ಬುಡದಿಂದ ನಾದುವುದು, ಅಡಿಗೆ ಒಣಹಿಟ್ಟು ಉದುರಿಸಿ ಬಡಿಯುವುದು, ಹಂಚಿನ ಮೇಲೆ ಹಾಕಿದೊಡನೆ ಒದ್ದೆಯ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುವುದು, ಆ ನೀರು ಆರಿದೊಡನೆ ತಿರುವಿಹಾಕುವುದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಜೋಳದಲ್ಲಿ ಇಲ್ಲ. ಕುದಿನೀರು ತಾಗಿದಾಗ ಹಿಟ್ಟಿನ ಪಿಷ್ಟವು ಅರೆಬೆಂದು ಅಂಟುಗಟ್ಟುವುದರಿಂದಲೇ ರೊಟ್ಟಿ ಹರಿಯದೆ ನಿಲ್ಲುತ್ತದೆ. ಈ ಕಾರಣವನ್ನು ವಿಜ್ಞಾನದ ಅಧ್ಯಾಪಕರು ಬಳಿಕ ವಿವರಿಸಿದರು. ಕಾರ್ಯವು ಮಾತ್ರ ಆ ಮಗುವಿಗೆ ಮೊದಲೇ ತಿಳಿದಿತ್ತು. ಹೇಳುವವಳು ಆಕೆಯಾಗಿ, ಬರೆದುಕೊಳ್ಳುವವನು ಆ ಮೊದಲಿಗನಾಗಿ ಜೋಡಿ ಮಾಡಿದೆವು. ಎರಡು ವಾರಗಳ ತರುವಾಯ ಶೇಂಗಾ ಚಟ್ನಿಯ ವಿಧಾನವನ್ನು ಆಕೆ ತಾನೇ ಬರೆದುತಂದಳು. ಕಾಗುಣಿತದ ತಪ್ಪುಗಳು ಹದಿನಾರಿದ್ದುವು. ಪುಟವು ಮಾತ್ರ ತುಂಬಿತ್ತು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಅಡುಗೆಯೆಂದರೆ ಹೆಣ್ಣುಮಕ್ಕಳ ವಿಷಯವೆಂದು ಹುಡುಗರು ಮುಸಿಮುಸಿ ನಗುವುದುಂಟು. ದಾಸೋಹದ ಮನೆಯಲ್ಲಿ ಆಳೆತ್ತರದ ಕಡಾಯಿಯ ಮುಂದೆ ನಿಂತು ನೂರಾರು ಮಂದಿಗೆ ಹುಗ್ಗಿಯನ್ನು ತಿರುವುವವರು ಗಂಡಸರೇ ಎಂಬುದನ್ನು ನಿತ್ಯವೂ ಪಂಕ್ತಿಯಲ್ಲಿ ಕುಳಿತುಣ್ಣುವ ಪ್ರಸಾದನಿಲಯದ ಹುಡುಗರಿಗೆ ನೆನಪು ಮಾಡಿಕೊಟ್ಟರೆ ಆ ನಗು ತಾನಾಗಿ ನಿಲ್ಲುತ್ತದೆ.

ಇನ್ನು ಶಬ್ದಸಂಪತ್ತಿನ ವಿಚಾರ. ಅಡುಗೆಮನೆಯ ಕ್ರಿಯಾಪದಗಳಲ್ಲಿ ಕನ್ನಡವು ತೋರುವ ಸೂಕ್ಷ್ಮತೆಯನ್ನು ನಾವು ಪಾಠಗಳಲ್ಲಿ ಬಳಸಿಕೊಂಡಿದ್ದೇ ಕಡಿಮೆ. ಎಣ್ಣೆಯಿಲ್ಲದೆ ಬಿಸಿ ಮಾಡಿದರೆ ಹುರಿಯುವುದು, ಎಣ್ಣೆಯಲ್ಲಿ ಮುಳುಗಿಸಿದರೆ ಕರಿಯುವುದು, ತುಸು ಎಣ್ಣೆಯಲ್ಲಿ ಮೆತ್ತಗಾಗಿಸಿದರೆ ಬಾಡಿಸುವುದು, ನೇರವಾಗಿ ಕೆಂಡಕ್ಕೊಡ್ಡಿದರೆ ಸುಡುವುದು. ಹಾಲನ್ನು ಕಾಯಿಸುತ್ತೇವೆ, ಸಾರನ್ನು ಕುದಿಸುತ್ತೇವೆ, ಬೇಳೆಯನ್ನು ಬೇಯಿಸುತ್ತೇವೆ. ಮೂರಕ್ಕೂ ಒಲೆಯೊಂದೇ, ಉರಿಯೊಂದೇ. ಆದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಕೇಳಿದವರು ನಗುತ್ತಾರೆ. ಜಜ್ಜು, ಕುಟ್ಟು, ಅರೆ, ರುಬ್ಬು, ಬೀಸು ಇವು ಪರ್ಯಾಯಪದಗಳಲ್ಲ. ಶುಂಠಿಯನ್ನು ಜಜ್ಜಬೇಕು, ಮೆಣಸಿನಕಾಯಿಯನ್ನು ಕುಟ್ಟಬೇಕು, ಹಿಟ್ಟಿಗೆ ಜೋಳವನ್ನು ಬೀಸಬೇಕು. ಸೋಸುವುದಕ್ಕೂ ಬಸಿಯುವುದಕ್ಕೂ ಇರುವ ಅಂತರವನ್ನು ಕೇಳಿ ನೋಡಿರಿ: ಪದವೀಧರನು ತಡವರಿಸಿಯಾನು, ಅಕ್ಕನ ಜೊತೆಯಲ್ಲಿ ಒಲೆಯ ಮುಂದೆ ಕುಳಿತ ಹುಡುಗಿ ತಡವರಿಸಳು. ಇಷ್ಟು ಬಗೆಯ ಕ್ರಿಯಾಪದಗಳಿದ್ದೂ ನಮ್ಮ ಮಕ್ಕಳು ಎಲ್ಲದಕ್ಕೂ ‘ಮಾಡು’ ಎಂಬ ಒಂದನ್ನೇ ಅಂಟಿಸುವುದನ್ನು ಕಂಡಾಗ ಖೇದವಾಗುತ್ತದೆ. ಕಟ್ ಮಾಡಿ, ಮಿಕ್ಸ್ ಮಾಡಿ, ಫ್ರೈ ಮಾಡಿ ಎಂದು ಬರೆಯುವುದು ಈಗ ವಾಡಿಕೆಯಾಗಿದೆ. ಅನ್ಯಭಾಷೆಯ ಶಬ್ದ ಬರಬಾರದೆಂಬ ಮಡಿವಂತಿಕೆ ನಮಗಿಲ್ಲ. ಕುಕ್ಕರಿಗೆ ಕುಕ್ಕರೆನ್ನದೆ ಬೇರೇನೆನ್ನೋಣ? ಆದರೆ ‘ಕಟ್ ಮಾಡಿ’ ಎಂದಾಗ ಹೆಚ್ಚಬೇಕೋ, ಸೀಳಬೇಕೋ, ತುರಿಯಬೇಕೋ, ಕೊಚ್ಚಬೇಕೋ ಓದಿದವನಿಗೆ ತಿಳಿಯದು. ಆಕ್ಷೇಪವಿರುವುದು ಅರ್ಥನಷ್ಟಕ್ಕೆ.

ವ್ಯಾಕರಣಪಾಠವು ಇಲ್ಲಿ ಹೇಗೆ ತಾನಾಗಿ ಒದಗುವುದೆಂಬುದಕ್ಕೆ ಪಾನಕದ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಒಲೆಯ ಹಂಗಿಲ್ಲದುದರಿಂದ ಇದನ್ನು ತರಗತಿಯಲ್ಲಿಯೇ ಮಾಡಿಸಬಹುದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಬೆಲ್ಲವನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ಸೋಸಿ ಏಲಕ್ಕಿ ಪುಡಿ ಹಾಕಿ ನಿಂಬೆಹಣ್ಣು ಹಿಂಡಿ ಕಲಕಿ’. ಇದರಲ್ಲಿ ಆರು ಕ್ರಿಯೆಗಳಿವೆ; ಆರೂ ‘ಇ’ಕಾರದಲ್ಲಿ ಮುಗಿಯುತ್ತವೆ. ‘ಸೋಸಿ’ ಎಂಬುದು ಸೋಸಿದ ಬಳಿಕ ಎಂಬರ್ಥದ ಭೂತನ್ಯೂನ ಕೃದಂತಾವ್ಯಯವೋ, ‘ಸೋಸಿರಿ’ ಎಂಬ ವಿಧ್ಯರ್ಥದ ಹ್ರಸ್ವರೂಪವೋ? ಉಕಾರಾಂತ ಧಾತುಗಳಲ್ಲಿ ಬಹುಪಾಲಿಗೆ ಈ ಎರಡು ರೂಪಗಳೂ ಆಡುಮಾತಿನಲ್ಲಿ ಒಂದೇ ಆಗಿಬಿಟ್ಟಿವೆ. ‘ತೊಳೆ’, ‘ಹುರಿ’, ‘ಬಸಿ’ ಮುಂತಾದವುಗಳಲ್ಲಿ ಈ ಗೊಂದಲವಿಲ್ಲ: ತೊಳೆದು ಎಂದರೆ ಮುಂದೆ ಇನ್ನೂ ಕೆಲಸವಿದೆ, ತೊಳೆಯಿರಿ ಎಂದರೆ ಒಂದು ಕೆಲಸ ಮುಗಿಯಿತು. ಆದುದರಿಂದ ವಿಧಾನಲೇಖನದಲ್ಲಿ ಸಮಾಪಕ ಕ್ರಿಯೆಯನ್ನು ಹಾಕಿರಿ, ಸೋಸಿರಿ, ಕಲಕಿರಿ ಎಂದು ಪೂರ್ಣರೂಪದಲ್ಲಿಯೇ ಬರೆಯಬೇಕೆಂಬುದು ನಮ್ಮ ತರಗತಿಯ ಕಟ್ಟಳೆ. ಒಂದು ವಾಕ್ಯದಲ್ಲಿ ಎರಡು, ಹೆಚ್ಚೆಂದರೆ ಮೂರು ಕೃದಂತಗಳು. ಅನಂತರ ಸಮಾಪಕ ಕ್ರಿಯೆ ಬರಲೇಬೇಕು. ‘ಬೆಲ್ಲವನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿರಿ. ಕರಗಿದ ಮೇಲೆ ತೆಳುವಾದ ಬಟ್ಟೆಯಲ್ಲಿ ಸೋಸಿರಿ. ಸೋಸಿದ ನೀರಿಗೆ ಏಲಕ್ಕಿ ಪುಡಿಯನ್ನು ಹಾಕಿ, ನಿಂಬೆಹಣ್ಣನ್ನು ಹಿಂಡಿ ಕಲಕಿರಿ.’

ವಾಕ್ಯವನ್ನು ಹೀಗೆ ಒಡೆದೊಡನೆ ಕ್ರಮವು ಎದ್ದುಕಾಣುತ್ತದೆ. ಏಲಕ್ಕಿಯನ್ನು ಸೋಸುವ ಮೊದಲೇ ಹಾಕಿದರೆ ಅದರ ಬಹುಭಾಗ ಬಟ್ಟೆಯಲ್ಲಿಯೇ ಉಳಿಯುತ್ತದೆ. ಸೋಸದೆ ಬಿಟ್ಟರೆ ಬೆಲ್ಲದ ಮರಳು ಹಲ್ಲಿಗೆ ಸಿಗುತ್ತದೆ. ಅಕರ್ಮಕ ಸಕರ್ಮಕಗಳ ಭೇದವನ್ನೂ ಇಲ್ಲಿಯೇ ತೋರಿಸಬಹುದು. ‘ಕರಗಿಸಿರಿ’ ಎಂದಾಗ ಕೆಲಸ ನಮ್ಮದು, ‘ಕರಗಿದ ಮೇಲೆ’ ಎಂದಾಗ ಕೆಲಸ ಬೆಲ್ಲದ್ದು; ನಾವು ಕಾದುನೋಡಬೇಕಾದವರು. ಕುದಿ ಮತ್ತು ಕುದಿಸು, ಬೇಯು ಮತ್ತು ಬೇಯಿಸು, ಆರು ಮತ್ತು ಆರಿಸು, ಇಂಥ ಜೋಡಿಗಳನ್ನು ಹಲಗೆಯ ಮೇಲೆ ಬರೆದರೆ ಪ್ರೇರಣಾರ್ಥಕ ಪ್ರತ್ಯಯವು ಮಕ್ಕಳಿಗೆ ಸೂತ್ರವಾಗಿ ಅಲ್ಲ, ಅನುಭವವಾಗಿ ತಿಳಿಯುತ್ತದೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಶಾಸ್ತ್ರಕಾರರು ಹೇಳಿದುದಕ್ಕೂ ಇಲ್ಲಿಯೇ ನಿದರ್ಶನ ಸಿಗುತ್ತದೆ. ‘ಒಗ್ಗರಣೆಗೆ ಹಾಕಿರಿ’ ಎಂದೊಡನೆ ಏನನ್ನು ಎಂಬ ಪ್ರಶ್ನೆ ಏಳುವುದೇ ಆಕಾಂಕ್ಷೆ. ಬೆಂಕಿಯಿಂದ ನೆನೆಸುವುದು ಎಂಬ ಶಾಸ್ತ್ರದ ಹಳೆಯ ಉದಾಹರಣೆಯನ್ನು ಹೇಳಿದರೆ, ಅದರ ಯೋಗ್ಯತಾಭಂಗವನ್ನು ಹಿಂದಿನ ಸಾಲಿನವರೇ ಮೊದಲು ಹಿಡಿಯುತ್ತಾರೆ.

ವಿಧಾನಲೇಖನದ ನಿಜವಾದ ಕಷ್ಟವಿರುವುದು ‘ಹದ’ ಎಂಬ ಎರಡಕ್ಷರದಲ್ಲಿ. ಹದವಾಗಿ ಹುರಿಯಿರಿ, ಹದಕ್ಕೆ ಬಂದ ಮೇಲೆ ಇಳಿಸಿರಿ, ರುಚಿಗೆ ತಕ್ಕಷ್ಟು ಉಪ್ಪು ಹಾಕಿರಿ. ಬಲ್ಲವರ ನಡುವೆ ಇವು ಸುಂದರವಾದ ಮಾತುಗಳು, ಅರಿಯದವನ ಪಾಲಿಗೆ ಮುಚ್ಚಿದ ಬಾಗಿಲು. ಹಾಗೆಂದು ಹದವನ್ನು ಹೇಳಲು ಭಾಷೆಗೆ ಶಕ್ತಿಯಿಲ್ಲವೆನ್ನಬಾರದು. ನಮ್ಮ ಹಿರಿಯರು ಹದವನ್ನು ಕಣ್ಣು, ಕಿವಿ, ಮೂಗು, ಬೆರಳುಗಳ ಗುರುತಿನಿಂದ ಖಚಿತವಾಗಿ ಹೇಳುತ್ತ ಬಂದಿದ್ದಾರೆ. ಸಾಸಿವೆ ಸಿಡಿದ ಮೇಲೆ ಎಂಬುದು ಕಿವಿಯ ಗುರುತು. ಹಸಿ ವಾಸನೆ ಹೋಗುವ ತನಕ ಎಂಬುದು ಮೂಗಿನದು. ಪಾಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಒಂದು ಎಳೆ ಬಂದರೆ ಒಂದೆಳೆ ಪಾಕ; ತಣ್ಣೀರಿಗೆ ಬಿಟ್ಟ ಹನಿಯು ಕರಗದೆ ಬೆರಳಿಗೆ ಉಂಡೆಯಾಗಿ ಬಂದರೆ ಉಂಡೆಪಾಕ. ಉಷ್ಣಮಾಪಕವಿಲ್ಲದ ಮನೆಯಲ್ಲಿ ಇದಕ್ಕಿಂತ ನಿಷ್ಕೃಷ್ಟವಾದ ನಿರೂಪಣೆ ಮತ್ತಾವುದು? ಆದಕಾರಣ ‘ಹದವಾಗಿ’ ಎಂದು ಬರೆದವರಿಗೆ ನಾವು ಕೇಳುವ ಪ್ರಶ್ನೆ ಒಂದೇ: ಹದವಾಯಿತೆಂದು ನಿನಗೆ ಹೇಳಿದವರು ಯಾರು, ಕಣ್ಣೋ ಕಿವಿಯೋ ಮೂಗೋ?

ತರಗತಿಯಲ್ಲಿ ನಡೆಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಎಲ್ಲರಿಗೂ ಅಡುಗೆಯೊಂದೇ, ಕೆಲಸ ಮಾತ್ರ ಬೇರೆ ಬೇರೆ. ಅಕ್ಷರಜ್ಞಾನದಲ್ಲಿ ಹಿಂದುಳಿದವರಿಗೆ ವಾಕ್ಯಗಳನ್ನು ಬಿಡಿಬಿಡಿಯಾದ ಚೀಟಿಗಳಲ್ಲಿ ಬರೆದುಕೊಟ್ಟು ಕ್ರಮವಾಗಿ ಜೋಡಿಸಲು ಹೇಳುತ್ತೇವೆ. ಜೋಡಿಸಿದುದನ್ನು ಅವರು ನಕಲು ಮಾಡುತ್ತಾರೆ. ಮಧ್ಯಮರು ಸಾಮಗ್ರಿಗಳನ್ನೂ ಅಳತೆಯನ್ನೂ ವಿಧಾನವನ್ನೂ ಸ್ವಂತವಾಗಿ ಬರೆಯುತ್ತಾರೆ. ಮುಂದುವರಿದವರ ಪಾಲಿಗೆ ‘ಏಕೆ’ ಮತ್ತು ‘ಇಲ್ಲವಾದರೆ’ ಎಂಬ ಎರಡು ಪ್ರಶ್ನೆಗಳು: ಎಸರು ಏಕೆ ಕುದಿಯಬೇಕು, ಉಪ್ಪು ಹೆಚ್ಚಾದರೆ ಏನು ಮಾಡಬೇಕು? ಕಾರಣವನ್ನೂ ಪಕ್ಷಾರ್ಥವನ್ನೂ ಸೇರಿಸಿದಾಗ ವಾಕ್ಯರಚನೆ ಸಹಜವಾಗಿಯೇ ಸಂಕೀರ್ಣವಾಗುತ್ತದೆ. ಬಳಿಕ ಬರಹಗಳನ್ನು ಅದಲುಬದಲು ಮಾಡಿ, ಒಬ್ಬನು ಓದಿದಂತೆ ಇನ್ನೊಬ್ಬನು ಬರಿಯ ಪಾತ್ರೆಗಳೊಡನೆ ಅಭಿನಯಿಸಬೇಕು. ಬರೆದವನು ಬಾಯಿ ತೆರೆಯಕೂಡದು. ಬರೆದಿರುವುದಕ್ಕಿಂತ ಹೆಚ್ಚೇನನ್ನೂ ಮಾಡಬಾರದೆಂಬುದೇ ನಿಯಮ. ‘ನಿಂಬೆಹಣ್ಣನ್ನು ಹಿಂಡಿರಿ’ ಎಂದು ಮಾತ್ರ ಇದ್ದಾಗ ಅಭಿನಯಿಸುವವನು ಇಡೀ ಹಣ್ಣನ್ನೇ ಮುಷ್ಟಿಯಲ್ಲಿ ಹಿಚುಕುತ್ತಾನೆ. ತರಗತಿಯೆಲ್ಲ ನಗುತ್ತದೆ, ಬರೆದವನು ‘ಎರಡು ಹೋಳಾಗಿ ಕೊಯ್ದು’ ಎಂಬುದನ್ನು ಸೇರಿಸುತ್ತಾನೆ. ಕೆಂಪು ಶಾಯಿಯ ತಿದ್ದುಪಡಿಯಿಂದ ಆಗದ ಕೆಲಸ ಇದರಿಂದ ಆಗುವುದನ್ನು ನಾವು ಅನೇಕ ವರ್ಷಗಳಿಂದ ನೋಡಿದ್ದೇವೆ.

ಇದೆಲ್ಲ ವಿನೋದವಾಯಿತು, ಸ್ವಲ್ಪ ಹೆಚ್ಚುಕಡಿಮೆಯಾದರೆ ನಷ್ಟವೇನು ಎಂದು ಕೇಳಬಹುದು. ಇದೇ ಪಾನಕದಿಂದ ಏಲಕ್ಕಿ ನಿಂಬೆಗಳನ್ನು ತೆಗೆದು ಉಪ್ಪನ್ನು ಸೇರಿಸಿದರೆ ಅದು ವಾಂತಿಭೇದಿಯಿಂದ ಬಳಲುವ ಮಗುವಿಗೆ ಕುಡಿಸುವ ದ್ರಾವಣವಾಗುತ್ತದೆ. ಮನೆಯಲ್ಲಿ ತಯಾರಿಸುವವರಿಗೆ ಈಗ ಹೇಳುವ ಅಳತೆ ಇದು: ಒಂದು ಲೀಟರು ಶುದ್ಧವಾದ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಸಣ್ಣ ಚಮಚ ಉಪ್ಪು. ‘ಮಟ್ಟಸವಾದ’ ಎಂಬ ವಿಶೇಷಣವನ್ನು ಬಿಟ್ಟರೆ ಓದಿದವರು ಗೋಪುರದಂತೆ ತುಂಬಿದ ಚಮಚವನ್ನು ಹಾಕಿಯಾರು. ‘ಲೀಟರು’ ಎಂಬುದನ್ನು ಬಿಟ್ಟರೆ ಒಂದು ಲೋಟಕ್ಕೇ ಅಷ್ಟನ್ನೂ ಸುರಿದಾರು. ಉಪ್ಪು ಮಿತಿಮೀರಿದರೆ ಮಗುವಿಗೆ ಅಪಾಯ. 1971ರ ಯುದ್ಧಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಇಂಥ ದ್ರಾವಣದಿಂದಲೇ ಅಸಂಖ್ಯರನ್ನು ಉಳಿಸಿದರು.

ಭಾಷಾಧ್ಯಾಪಕರಿಗೆ ಇದಕ್ಕಿಂತಲೂ ಮನನೀಯವಾದುದು ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯು 1980ರಿಂದ 1990ರವರೆಗೆ ನಡೆಸಿದ ಕಾರ್ಯ. ಅಳತೆಯ ಚಮಚವೇ ಇಲ್ಲದ, ಓದುಬರಹ ಬಾರದ ಹಳ್ಳಿಯ ತಾಯಂದಿರಿಗೆ ಅದರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಲಿಸಿದುದು ಒಂದು ಪಾಕವಿಧಾನವನ್ನು: ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ತಾಯಿಯ ಕೈಯನ್ನೇ ಅವರು ಅಳತೆಯ ಪಾತ್ರೆಯಾಗಿ ಮಾಡಿಕೊಂಡರು. ಬಾಯಲ್ಲಿ ಹೇಳಿ ಹೊರಟುಹೋಗುವಂತಿರಲಿಲ್ಲ. ಕಾರ್ಯಕರ್ತೆಯ ಎದುರಿಗೆ ತಾಯಿಯು ಸ್ವತಃ ಮಾಡಿ ತೋರಿಸಬೇಕು. ಕೆಲವು ದಿನಗಳ ಬಳಿಕ ಬೇರೊಬ್ಬರು ಬಂದು ಆಕೆಗೆ ಎಷ್ಟು ನೆನಪಿದೆ, ಆಕೆಯ ದ್ರಾವಣ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ಸಂಬಳ. ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಈ ರೀತಿ ತಲಪಿದರು. ಇದೇ ನಿಯಮವನ್ನು ನಮ್ಮ ವೇತನಕ್ಕೂ ಅನ್ವಯಿಸಿದರೆ ನಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಒಲೆ ಉರಿದೀತೋ ಹೇಳಲಾರೆ. ಈ ವೃತ್ತಾಂತವನ್ನು ಕೇಳಿದ ಮೇಲೆ ‘ಸಾಕಷ್ಟು ಉಪ್ಪು’ ಎಂದು ಬರೆಯುವ ಮಕ್ಕಳ ಸಂಖ್ಯೆ ನಮ್ಮಲ್ಲಿ ಬಹಳ ಕಡಿಮೆಯಾಗಿದೆ.

ಅಳತೆಯ ಮಾತು ಬಂದುದರಿಂದ ಇನ್ನೊಂದು ವಿಷಯ. ಹಳೆಯ ಸೇರು ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ. ದಶಮಾನ ಪದ್ಧತಿಗೆ ದಾರಿ ಮಾಡಿದ 1956ರ ಕಾಯಿದೆ ಬಂದು ಇಷ್ಟು ವರ್ಷಗಳಾದರೂ ಅಡುಗೆಮನೆಯಲ್ಲಿ ಸೇರು, ಪಾವು, ಚಟಾಕುಗಳು ಮಾತಿನಿಂದ ಹೋಗಿಲ್ಲ. ಮಕ್ಕಳು ಅಜ್ಜಿಯ ಬಾಯಿಂದ ಬಂದ ಅಳತೆಯನ್ನು ಹಾಗೆಯೇ ಬರೆಯಲಿ, ಪಕ್ಕದಲ್ಲಿ ಗ್ರಾಂ ಅಥವಾ ಲೋಟದ ಲೆಕ್ಕವನ್ನೂ ಕೊಡಲಿ. ಪ್ರಾದೇಶಿಕ ಪದಗಳ ವಿಷಯದಲ್ಲಿಯೂ ನಮ್ಮ ನಿಲುವು ಇದೇ. ನಮ್ಮ ಉಳ್ಳಾಗಡ್ಡಿ ಮೈಸೂರಿನವರಿಗೆ ಈರುಳ್ಳಿ, ನಮ್ಮ ಗುರೆಳ್ಳು ಅವರಿಗೆ ಹುಚ್ಚೆಳ್ಳು. ಒಂದು ಶುದ್ಧ, ಇನ್ನೊಂದು ಅಶುದ್ಧ ಎನ್ನುವುದು ಸಲ್ಲದು. ಓದುಗನು ಬೇರೆ ಸೀಮೆಯವನಾಗಿದ್ದರೆ ಆತನ ಪದವನ್ನೂ ಒಮ್ಮೆ ಹೇಳಿದರಾಯಿತು.

ಕನ್ನಡ ಪಂಡಿತರು ಅಡುಗೆಯನ್ನು ಕಲಿಸುವುದು ಸಾಹಿತ್ಯಕ್ಕೆ ಅಗೌರವವಲ್ಲವೇ ಎಂದು ಕೆಲವು ಹಿರಿಯರು ಆಕ್ಷೇಪಿಸಿದ್ದುಂಟು. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರವನ್ನು ಬರೆದಾಗ ವೈದ್ಯ, ಶಕುನ, ಜಲಶೋಧನೆಗಳ ಜೊತೆಗೆ ಸೂಪಶಾಸ್ತ್ರಕ್ಕೂ ಎಡೆಗೊಟ್ಟನು. 16ನೆಯ ಶತಮಾನದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಜಯನೃಪಕಾವ್ಯವನ್ನು ಬರೆದ ಕೈಯೇ ಬದನೆಕಾಯಿಯ ಪಾಕಗಳನ್ನೂ ಬರೆದಿದೆ. ಷಟ್ಪದಿಯು ಕಂಠಪಾಠಕ್ಕೆ ಅನುಕೂಲ. ಗದ್ಯವು ಕ್ರಮ, ಅಳತೆಗಳಿಗೆ ಅನುಕೂಲ. ಆ ಗ್ರಂಥದ ಒಂದೆರಡು ಪದ್ಯಗಳನ್ನು ಹತ್ತನೆಯ ತರಗತಿಯವರಿಂದ ಹೊಸಗನ್ನಡದ ವಿಧಾನಲೇಖನಕ್ಕೆ ತಿರುಗಿಸಿದರೆ ಅನ್ವಯಾರ್ಥದ ಅಭ್ಯಾಸವೂ ಆಗುತ್ತದೆ.

ಇನ್ನುಳಿದುದು ಅಂಕಗಳ ವಿಚಾರ. ನಾವು ಹತ್ತರಲ್ಲಿ ಆರು ಅಂಕಗಳನ್ನು, ಬರಹವನ್ನು ಓದಿದವರು ತಡೆಯಿಲ್ಲದೆ ಮಾಡಬಲ್ಲರೇ ಎಂಬುದಕ್ಕೆ ಕೊಡುತ್ತೇವೆ. ನಾಲ್ಕನ್ನು ಕಾಗುಣಿತ, ಲೇಖನಚಿಹ್ನೆ, ಅಕ್ಷರಶುದ್ಧಿಗಳಿಗೆ ಇಟ್ಟುಕೊಳ್ಳುತ್ತೇವೆ. ಕಾಗುಣಿತವನ್ನು ಕಡೆಗಣಿಸುವಂತಿಲ್ಲ, ‘ಕಾಳು’ ‘ಕಾಲು’ ಆದರೆ ಚಮಚದ ಲೆಕ್ಕವೇ ಕೆಡುತ್ತದೆ. ಆದರೆ ತಪ್ಪುಗಳನ್ನು ಮೊದಲ ಪ್ರತಿಯಲ್ಲಿ ತಿದ್ದದೆ, ಅಭಿನಯವಾದ ಮೇಲೆ ಎರಡನೆಯ ಪ್ರತಿಯಲ್ಲಿ ತಿದ್ದಬೇಕು. ಎರಡನೆಯ ಅವಧಿಯಲ್ಲಿ ಅಡುಗೆಯನ್ನು ಬಿಟ್ಟು, ಪ್ರತಿಯೊಬ್ಬರೂ ತಮ್ಮ ಮನೆಯ ಕಸುಬಿನ ಒಂದು ಕೆಲಸವನ್ನು ಬರೆದುತರಬೇಕೆಂದು ಹೇಳುವುದು ನಮ್ಮ ರೂಢಿ. ಕಂಬಳಿ ನೇಯುವವರ ಮನೆಯ ಹುಡುಗನು ಉಣ್ಣೆಯನ್ನು ಹಿಂಜುವ ಕ್ರಮವನ್ನು ತಂದನು. ಎತ್ತಿಗೆ ಲಾಳ ಹೊಡೆಯುವ ಕ್ರಮವನ್ನು ತಂದ ಹುಡುಗನ ಎರಡು ಪುಟಗಳಲ್ಲಿ ನಮಗೆ ಗೊತ್ತಿಲ್ಲದ ಐದು ಶಬ್ದಗಳಿದ್ದುವು. ಅವುಗಳ ಅರ್ಥವನ್ನು ಅವನಿಂದಲೇ ಹೇಳಿಸಿ ತರಗತಿಯ ಶಬ್ದಕೋಶದ ವಹಿಯಲ್ಲಿ ಬರೆಸಿದ್ದೇವೆ. ಆ ವಹಿಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಶಬ್ದಗಳಿವೆ.